ಆಟಿ ಮಳೆಗೂ ಕೊಳೆಯದ ಸಸಿ: ಕಿಟಕಿಗೊಂದು ಪೆಟ್ಟಿಗೆ

ಸೆಪ್ಟೆಂಬರ್ ಮಧ್ಯದಲ್ಲಿ ಬದನೆ ಸಸಿ ನೆಡಬೇಕಾದರೆ ಆಗಸ್ಟ್ ಮೊದಲ ವಾರ ಬೀಜ ಹಾಕಬೇಕು. ನಮ್ಮ ಕರಾವಳಿಯಲ್ಲಿ ಆಗ ಬಿಡದೆ ಮಳೆ. ಅಂಗಳದಲ್ಲಿ ಏರು ಮಡಿ ಮಾಡಿ ಮಡಲು ಮುಚ್ಚಿ ನೋಡಿದೆ. ಮೊಳಕೆ ಬಂತು, ನಾಲ್ಕೇ ದಿನದಲ್ಲಿ ಬುಡ ಕಪ್ಪಾಗಿ ಮಲಗಿತು. ಎರಡು ವರ್ಷ ಹೀಗೇ ಆಯಿತು. ಪೇಟೆಯಿಂದ ಸಸಿ ತರಬಹುದಿತ್ತು. ಆದರೆ ನನ್ನ ಹತ್ತಿರ ಇದ್ದದ್ದು ಅಮ್ಮ ಉಳಿಸಿಕೊಂಡು ಬಂದ ಊರ ಗುಳ್ಳದ ಬೀಜ. ಕುಪ್ಪಿಯಲ್ಲಿ ಉಳಿದದ್ದು ಒಂದು ಚಿಟಿಕೆ ಮಾತ್ರ. ಅದೂ ಹೋದರೆ ಆ ತಳಿ ನಮ್ಮಲ್ಲಿ ಮುಗಿದ ಹಾಗೆ.

ಹಾಗಾಗಿ ಮೂರನೇ ವರ್ಷ ಬೀಜವನ್ನು ಮನೆಗೇ ತಂದೆ.

ಪೆಟ್ಟಿಗೆ ಹೇಗೆ?

ಅಡುಗೆಮನೆಯ ಪೂರ್ವದ ಕಿಟಕಿಗೆ ಹೊರಗಿನಿಂದ ಎರಡು ಆಧಾರ ಹೊಡೆದು ಹಲಗೆ ಕೂರಿಸಿದೆ. 3 ಅಡಿ ಉದ್ದ, ಒಂದೂವರೆ ಅಡಿ ಅಗಲ, 2 ಅಡಿ ಎತ್ತರದ ಚೌಕಟ್ಟಿಗೆ ಅಡಿಕೆ ಸಲಾಕೆ ಸಾಕಾಯಿತು. ಮೇಲೆ ಮತ್ತು ಎದುರು ಪಾರದರ್ಶಕ ಪ್ಲಾಸ್ಟಿಕ್ ಶೀಟು. ಎದುರಿನ ಶೀಟನ್ನು ಚಾಪೆಯಂತೆ ಸುರುಳಿ ಸುತ್ತಿ ಎತ್ತಬಹುದು. ಹಣ ಕೊಟ್ಟದ್ದು ಶೀಟಿಗೆ ಮತ್ತು ಆಣಿಗೆ ಮಾತ್ರ. ಕಿಟಕಿ ಬಾಗಿಲು ತೆರೆದೇ ಇರುವ ಕಾರಣ ಒಲೆಯ ಬೆಚ್ಚಗಿನ ಗಾಳಿ ಸಸಿಗೆ ಸಿಗುತ್ತದೆ. ಅಡುಗೆ ಮಾಡುವವರ ಕಣ್ಣೆದುರೇ ಇರುವುದರಿಂದ ನೀರು ಮರೆತುಹೋಗುವುದಿಲ್ಲ.

ಮೊದಲ ಸೋಲು ಬೆಳಕಿನದ್ದು. ಪ್ರಯೋಗಕ್ಕೆಂದು ಜೂನ್‌ನಲ್ಲಿ ಹಾಕಿದ ಮೆಣಸಿನ ಸಸಿ ಬಿಳಿಚಿ, ನೂಲಿನಂತೆ ಉದ್ದವಾಗಿ ಬಗ್ಗಿತು. ಮೋಡದ ದಿನ ಬೆಳಕು ಬರುವುದು ಇಡೀ ಆಕಾಶದಿಂದ, ಸೂರ್ಯನ ಕಡೆಯಿಂದ ಮಾತ್ರ ಅಲ್ಲ. ಸಸಿ ಇರುವಲ್ಲಿ ತಲೆ ಇಟ್ಟು ನೋಡಿ. ನಿಮಗೆ ಆಕಾಶ ಕಾಣದಿದ್ದರೆ ಸಸಿಗೂ ಕಾಣುವುದಿಲ್ಲ. ನನಗೆ ಕಂಡದ್ದು ಮಾಡಿನ ಇಳಿಜಾರು! ಪೆಟ್ಟಿಗೆಯ ನೇರಕ್ಕೆ ನಾಲ್ಕು ಹಂಚು ತೆಗೆದು ಗಾಜಿನ ಹಂಚು ಹಾಕಿದೆ. ಬದಿಯ ಹಲಗೆಗಳಿಗೆ ಸುಣ್ಣ ಬಳಿದೆ. ದಿನಾ ಬೆಳಿಗ್ಗೆ ತಟ್ಟೆ ತಿರುಗಿಸಿ ಇಟ್ಟೆ. ಆಮೇಲೆ ಬಂದ ಸಸಿ ಗಿಡ್ಡವಾಗಿ, ಗಟ್ಟಿಯಾಗಿ ಬಂತು.

ಮಣ್ಣು ಮತ್ತು ನೀರು

ಬುಡ ಕೊಳೆಸುವುದು ಮಣ್ಣಿನಲ್ಲಿರುವ ಶಿಲೀಂಧ್ರ. ನೀರು ನಿಂತರೆ, ಸಸಿ ಒತ್ತಾದರೆ, ಗಾಳಿ ಆಡದಿದ್ದರೆ ಅದಕ್ಕೆ ಹಬ್ಬ. ಇದಕ್ಕೆ ನಮ್ಮ ಹಿರಿಯರ ಸುಡುಮಣ್ಣೇ ಒಳ್ಳೆಯದು. ಬೆಂಕಿಯಲ್ಲಿ ಬೆಂದ ಮಣ್ಣಿನಲ್ಲಿ ರೋಗದ ಬೀಜ ಉಳಿಯುವುದು ಕಡಿಮೆ. ಬೇಸಿಗೆಯಲ್ಲೇ ಒಂದು ಗೋಣಿ ಸುಡುಮಣ್ಣು ತೆಗೆದಿಡಿ. ಒಂದು ಪಾಲು ಸುಡುಮಣ್ಣು, ಒಂದು ಪಾಲು ಹೊಯಿಗೆ, ಒಂದು ಪಾಲು ಚೆನ್ನಾಗಿ ಕಳಿತು ಹುಡಿಯಾದ ಹಟ್ಟಿಗೊಬ್ಬರ. ಜರಡಿ ಹಿಡಿದು ಬೆರೆಸಿ. ಟ್ರೈಕೋಡರ್ಮಾ ಸಿಕ್ಕಿದರೆ ಗೊಬ್ಬರಕ್ಕೆ ಸೇರಿಸಿ.

ತಟ್ಟೆಗೆ ಅಡಿಕೆ ಹಾಳೆ ಮಡಚಿ ಕಟ್ಟಿದೆ, ಅಡಿಗೆ ಹತ್ತಾರು ತೂತು. ಎರಡು ಬೆರಳು ಅಂತರದಲ್ಲಿ ಸಾಲು, ಬೀಜದ ಮೇಲೆ ಕಾಲು ಇಂಚು ಮಣ್ಣು. ಮೊಳಕೆ ಬರುವ ತನಕ ಮೇಲೆ ಹಳೇ ಪೇಪರು. ಬಂದ ದಿನವೇ ಅದನ್ನು ತೆಗೆಯಬೇಕು.

ನೀರು ಬೆಳಿಗ್ಗೆ ಮಾತ್ರ, ಅದೂ ಮೇಲಿನಿಂದ ಬೇಡ. ಅಗಲ ಬೋಗುಣಿಯಲ್ಲಿ ಒಂದಿಂಚು ನೀರು ತುಂಬಿ ತಟ್ಟೆಯನ್ನು ಹತ್ತು ನಿಮಿಷ ಇಟ್ಟು ತೆಗೆಯಿರಿ. ಮೇಲ್ಮಣ್ಣು ಒಣಗಿದಂತೆ ಕಾಣುವವರೆಗೆ ಮತ್ತೆ ಬೇಡ. ಮಳೆಗಾಲದಲ್ಲಿ ನನಗೆ ಮೂರು ದಿನಕ್ಕೊಮ್ಮೆ ಸಾಕಾಗಿತ್ತು.

ಶೀಟು ಮುಚ್ಚಿ ಹೋಗಬೇಡಿ

ಒಂದು ದಿನ ಬೆಳಿಗ್ಗೆ ಮಳೆ ಇತ್ತು. ಶೀಟು ಇಳಿಸಿ ಪೇಟೆಗೆ ಹೋದೆ. ಒಂಬತ್ತು ಗಂಟೆಗೆ ಮೋಡ ಹರಿದು ಬಿಸಿಲು ಬಿತ್ತಂತೆ. ಮಧ್ಯಾಹ್ನ ಬರುವಾಗ ಎದುರಿನ ಸಾಲು ಬೆಂದುಹೋಗಿತ್ತು. ಈಗ ಎಂಥ ಮಳೆ ಬಂದರೂ ಶೀಟಿನ ಅಡಿಯಲ್ಲಿ ನಾಲ್ಕು ಬೆರಳು, ಮೇಲೆ ನಾಲ್ಕು ಬೆರಳು ತೆರವು ಬಿಡುತ್ತೇನೆ. ಎರಚಲು ಇಲ್ಲದಾಗ ಪೂರ್ತಿ ಎತ್ತುವುದೇ. ಆಧಾರದ ಬುಡಕ್ಕೆ ಬೂದಿ ಹಾಕದಿದ್ದರೆ ಇರುವೆ ಬೀಜ ಹೊತ್ತೊಯ್ಯುತ್ತದೆ.

ನಾಲ್ಕೈದು ಎಲೆ ಬಂದ ಮೇಲೆ ಸಸಿಯನ್ನು ಕೂಡಲೇ ಗದ್ದೆಗೆ ಒಯ್ಯಬಾರದು. ಮನೆಯ ಸುಖದಲ್ಲಿ ಬೆಳೆದದ್ದಲ್ಲವೇ! ಒಂದು ವಾರ ನೀರು ಕಡಿಮೆ ಮಾಡಿ. ಮೊದಲೆರಡು ದಿನ ಜಗಲಿಯ ಅಂಚು, ಆಮೇಲೆ ಅರ್ಧ ನೆರಳು, ಕೊನೆಗೆ ಬಿಸಿಲು. ಬೀಜ ಹಾಕಿ 35 ದಿನಕ್ಕೆ ಸಂಜೆ ಹೊತ್ತಿಗೆ ನೆಟ್ಟೆ.

ಹಾಕಿದ್ದು 60 ಬೀಜ. ಹುಟ್ಟಿದ್ದು 43, ನೆಟ್ಟದ್ದು 34. ಹಳೇ ಬೀಜವಾದ್ದರಿಂದ ಇಷ್ಟಕ್ಕೇ ನಾನು ಖುಷಿ. ಒಳ್ಳೆಯ ಎರಡು ಗಿಡದ ಕಾಯಿ ಕೊಯ್ಯದೆ ಹಣ್ಣಾಗಲು ಬಿಟ್ಟು ಬೀಜ ತೆಗೆದೆ. ಈ ಸಲ ಪೂರಾ ಒಂದೇ ಕುಪ್ಪಿಗೆ ತುಂಬಿಲ್ಲ. ನೆರೆಯ ಮೂರು ಮನೆಗೂ ಹಂಚಿದ್ದೇನೆ. ನನ್ನಲ್ಲಿ ಹೋದರೆ ಕೇಳಲಿಕ್ಕೆ ಒಂದು ಮನೆ ಬೇಕಲ್ಲ.