ನರೆ ಬಂದರೆ ನಾಚಿಕೆಯೇಕೆ?

ತುಂಬು ವಯಸ್ಸಿನವರನ್ನು ‘ಹಣ್ಣು ಹಣ್ಣು ಮುದುಕರು’ ಎಂದು ಕರೆಯುವುದು ಕನ್ನಡದ ರೂಢಿ. ಮುಪ್ಪನ್ನು ಕೊಳೆಯುವಿಕೆಯೆಂದು ಕಾಣದೆ ಮಾಗುವಿಕೆಯೆಂದು ಕಂಡ ನುಡಿಯಿದು. ಆಯುರ್ವೇದದ ನೋಟವೂ ಇದಕ್ಕೆ ಸಮೀಪವಾಗಿದೆ. ಕೂದಲು ಬೆಳ್ಳಗಾಗುವುದನ್ನು ಶಾಸ್ತ್ರವು ‘ಪಾಲಿತ್ಯ’ ಎಂದು ಕರೆಯುತ್ತದೆ. ದೇಹದ ಉಷ್ಣವೂ ಪಿತ್ತವೂ ತಲೆಗೇರಿ ಕೂದಲನ್ನು ‘ಪಾಕ’ಗೊಳಿಸುವುದರಿಂದ ನರೆ ಬರುತ್ತದೆಂದು ಸುಶ್ರುತ ಸಂಹಿತೆಯ ವಿವರಣೆ. ಬೇಯುವುದಕ್ಕೂ ಮಾಗುವುದಕ್ಕೂ ಸಂಸ್ಕೃತದಲ್ಲಿ ಪಾಕವೆಂಬ ಒಂದೇ ಪದವಿರುವುದನ್ನು ಇಲ್ಲಿ ನೆನೆಯಬಹುದು.

ಇಂತಹ ನುಡಿ ನಮ್ಮದಾಗಿದ್ದರೂ ವಯಸ್ಸು ಮುಖದ ಮೇಲೆ ಕಾಣಿಸಿಕೊಳ್ಳುವುದನ್ನು ಇಂದು ಅಪರಾಧವೆಂಬಂತೆ ಮುಚ್ಚಿಡಲಾಗುತ್ತಿದೆ. ಬೂವನಹಳ್ಳಿ ಸುತ್ತಿನಿಂದ ಚಿಕಿತ್ಸೆಗೆಂದು ನಮ್ಮಲ್ಲಿಗೆ ಬರುವವರಲ್ಲಿ ಮೊದಲು ಮಂಡಿನೋವು ಹೇಳಿ, ಎದ್ದು ಹೊರಡುವಾಗ ತಗ್ಗಿದ ದನಿಯಲ್ಲಿ ಬಿಳಿಗೂದಲಿನ ವಿಷಯ ತೆಗೆಯುವವರು ಅನೇಕರು. ಹೊಲದಲ್ಲಿ ದುಡಿಯುವ ತಾಯಂದಿರೂ ನಗರದ ಉದ್ಯೋಗಸ್ಥರೂ ಇದರಲ್ಲಿ ಸಮಾನರು. ಈ ಸಂಕೋಚ ಎಲ್ಲಿಂದ ಬಂತು, ಅದರಿಂದಾಗುವ ಹಾನಿಯೇನು, ಶಾಸ್ತ್ರ ಏನು ಹೇಳುತ್ತದೆ ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಕಿರುತೆರೆಯ ಮುಖ

ಹಿಂದೆ ವಾರ್ತೆಯೆಂದರೆ ಆಕಾಶವಾಣಿ. ವಾರ್ತೆ ಓದುವವರ ದನಿ ಮನೆಮಂದಿಗೆಲ್ಲ ಪರಿಚಿತ. ಮುಖ ಯಾರಿಗೂ ಗೊತ್ತಿರಲಿಲ್ಲ. ದನಿ ಮಾಗಿದಷ್ಟೂ ಕೇಳುಗರ ವಿಶ್ವಾಸ ಹೆಚ್ಚುತ್ತಿತ್ತು. ದೂರದರ್ಶನ ಬಂದ ಮೇಲೆ ದನಿಯ ಜೊತೆಗೆ ಮುಖವೂ ಮನೆಯೊಳಗೆ ಬಂತು. ಇಂದು ಪ್ರಖರವಾದ ದೀಪ, ದಪ್ಪ ಮೇಕಪ್ಪು, ಚರ್ಮದ ರಂಧ್ರವನ್ನೂ ಬಿಡದ ಕ್ಯಾಮೆರಾ ಇವುಗಳ ನಡುವೆ ಸಿದ್ಧಗೊಂಡ ಮುಖವನ್ನು ದಿನವೂ ಕಂಡು, ನಲವತ್ತೈದರ ಮುಖವೂ ಹಾಗೆಯೇ ಇರಬೇಕೆಂದು ಜನ ತಿಳಿಯತೊಡಗಿದ್ದಾರೆ. ಈಗಂತೂ ಮೊಬೈಲಿನ ಫಿಲ್ಟರು ಆ ಸುಳ್ಳನ್ನು ಎಲ್ಲರ ಅಂಗೈಗೆ ತಂದಿಟ್ಟಿದೆ.

ಕಿರುತೆರೆಯ ನಿರೂಪಕರೆಲ್ಲರಿಗೂ ಒಂದೇ ನಿಯಮವಿಲ್ಲವೆಂಬುದು ಗಮನಾರ್ಹ. ಸ್ವತಃ ವೈದ್ಯರಾದ ಡಾ. ನಾ. ಸೋಮೇಶ್ವರ ಅವರು ಚಂದನ ವಾಹಿನಿಯಲ್ಲಿ ‘ಥಟ್ ಅಂತ ಹೇಳಿ’ ರಸಪ್ರಶ್ನೆ ಕಾರ್ಯಕ್ರಮವನ್ನು 2002ರಿಂದ ನಡೆಸಿಕೊಂಡು ಬಂದಿದ್ದಾರೆ. 1955ರಲ್ಲಿ ಜನಿಸಿದ ಅವರನ್ನು ಕನ್ನಡಿಗರು ನಲವತ್ತರ ಕೊನೆಯಿಂದ ಅರವತ್ತು ದಾಟುವವರೆಗೂ ಅದೇ ಪೀಠದಲ್ಲಿ ನೋಡುತ್ತ ಬಂದರು. ಅವರ ವಯಸ್ಸೆಷ್ಟಾಯಿತೆಂದು ಯಾರೂ ಕೇಳಲಿಲ್ಲ. ಇಂದಿನ ಪ್ರಶ್ನೆ ಯಾವುದೆಂದು ಕೇಳಿದರು. ಜ್ಞಾನಕ್ಕೆ ಸಲ್ಲಬೇಕಾದ ಮರ್ಯಾದೆಯೇ ಇದು. ಆದರೆ ಇಪ್ಪತ್ತು ವರ್ಷ ಒಂದೇ ಕಾರ್ಯಕ್ರಮ ನಡೆಸಿ, ವಯಸ್ಸಾಗುವುದನ್ನು ನಾಡೆಲ್ಲ ಹೀಗೆ ಸಹಜವಾಗಿ ನೋಡಿದ ಮಹಿಳಾ ನಿರೂಪಕಿಯರು ಎಷ್ಟು ಮಂದಿ ಎಂದು ಓದುಗರೇ ಒಮ್ಮೆ ಎಣಿಸಿ ನೋಡಲಿ.

ಇದು ನಮ್ಮ ದೇಶದ ಮಾತಷ್ಟೇ ಅಲ್ಲ. ಇಂಗ್ಲೆಂಡಿನ ಬಿಬಿಸಿಯಲ್ಲಿ ಗ್ರಾಮೀಣ ಬದುಕನ್ನು ಕುರಿತ ‘ಕಂಟ್ರಿಫೈಲ್’ ಕಾರ್ಯಕ್ರಮ ನಡೆಸುತ್ತಿದ್ದ ಮಿರಿಯಂ ಒರೈಲಿ ಅವರನ್ನು ಐವತ್ತು ದಾಟಿದ ಬಳಿಕ 2009ರಲ್ಲಿ ಕೈಬಿಡಲಾಯಿತು. ಹೆಚ್ಚು ಸ್ಪಷ್ಟತೆಯ ಪ್ರಸಾರ ಬರಲಿದೆ, ಸುಕ್ಕುಗಳ ಬಗ್ಗೆ ಎಚ್ಚರವಿರಲಿ ಎಂಬ ಮಾತನ್ನು ತಾವು ಕೇಳಬೇಕಾಯಿತೆಂದು ಅವರು ನ್ಯಾಯಮಂಡಳಿಯ ಮುಂದೆ ಹೇಳಿದರು. ಅವರ ವಿಷಯದಲ್ಲಿ ವಯೋಭೇದ ನಡೆದಿದೆಯೆಂದು 2011ರ ಜನವರಿಯಲ್ಲಿ ತೀರ್ಪು ಬಂತು.

ಕೆನಡಾದ ಸಿಟಿವಿ ವಾಹಿನಿಯ ಮುಖ್ಯ ವಾರ್ತಾ ನಿರೂಪಕಿ ಲೀಸಾ ಲಾಫ್ಲಾಮ್ ಅವರು 2020ರಲ್ಲಿ, ಕೊರೋನಾ ಕಾಲದಲ್ಲಿ ಸೆಲೂನಿಗೆ ಹೋಗಲಾಗದೆ, ಕೂದಲಿಗೆ ಬಣ್ಣ ಹಚ್ಚುವುದನ್ನು ಬಿಟ್ಟರು. 35 ವರ್ಷಗಳ ಸೇವೆಯ ಬಳಿಕ 2022ರಲ್ಲಿ, 58ನೆಯ ವಯಸ್ಸಿನಲ್ಲಿ, ಅವರ ಒಪ್ಪಂದವನ್ನು ಸಂಸ್ಥೆ ಕೊನೆಗೊಳಿಸಿತು. ಕೂದಲಿನ ಬಣ್ಣವಾಗಲಿ ವಯಸ್ಸಾಗಲಿ ಅದಕ್ಕೆ ಕಾರಣವಲ್ಲವೆಂದು ಸಂಸ್ಥೆ ಹೇಳಿತು; ಜನ ಮಾತ್ರ ಅದನ್ನು ಸುಲಭವಾಗಿ ನಂಬಲಿಲ್ಲ. ಅವರಿಗಿಂತ ಮೊದಲು ಅದೇ ಸ್ಥಾನದಲ್ಲಿದ್ದ ಪುರುಷ ನಿರೂಪಕರು ನಿವೃತ್ತರಾದದ್ದು 77ನೆಯ ವಯಸ್ಸಿನಲ್ಲಿ.

ಕ್ಯಾಮೆರಾದ ಮುಂದೆ ನಿಲ್ಲುವವರಿಗೆ ಇದು ಅನ್ನದ ಪ್ರಶ್ನೆ. ಅವರು ಬಣ್ಣ ಹಚ್ಚಿಕೊಂಡರೆ ನಾವು ಆಕ್ಷೇಪಿಸುವುದಿಲ್ಲ. ಆದರೆ ಸ್ಟುಡಿಯೋದ ನಿಯಮವನ್ನು ಹೊಲ, ಅಡುಗೆಮನೆ, ಶಾಲೆ, ಕಚೇರಿಗಳಲ್ಲಿ ದುಡಿಯುವವರು ತಮ್ಮ ಮೇಲೆ ಹೇರಿಕೊಳ್ಳುವುದೇಕೆ?

ನಾವು ಕೈಮುಗಿದ ಮುಖಗಳು

ವೃದ್ಧಾಪ್ಯದ ಮುಖ ನಮ್ಮ ಜನಕ್ಕೆ ನಿಜವಾಗಿಯೂ ಬೇಡವೇ? ಹಾಗೆನ್ನಲಾಗದು. ಸಿದ್ಧಗಂಗೆಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳು 1907ರಲ್ಲಿ ಜನಿಸಿ 2019ರ ಜನವರಿ 21ರಂದು ಲಿಂಗೈಕ್ಯರಾದರು. ಭಕ್ತರ ಮನೆಗಳ ಗೋಡೆಯ ಮೇಲೆ ಇಂದು ಹೆಚ್ಚಾಗಿ ಕಾಣುವುದು ಅವರ ಯೌವನದ ಭಾವಚಿತ್ರವಲ್ಲ. ನೂರು ದಾಟಿದ, ಬಾಗಿದ ಬೆನ್ನಿನ, ಸುಕ್ಕುಗಟ್ಟಿದ ಕೈಯೆತ್ತಿ ಹರಸುವ ಚಿತ್ರ. ಆ ಒಂದೊಂದು ಗೆರೆಯಲ್ಲಿಯೂ ಜನರು ಅನ್ನ, ಅಕ್ಷರ, ಆಶ್ರಯಗಳ ದಾಸೋಹವನ್ನು ಓದಿಕೊಂಡರು.

2019ರ ಮಾರ್ಚಿಯಲ್ಲಿ ಸಾಲುಮರದ ತಿಮ್ಮಕ್ಕನವರು ಪದ್ಮಶ್ರೀ ಸ್ವೀಕರಿಸುವಾಗ ರಾಷ್ಟ್ರಪತಿಗಳ ತಲೆ ಮುಟ್ಟಿ ಹರಸಿದರು. ಅದನ್ನು ಟಿವಿಯಲ್ಲಿ ಕಂಡ ನಾಡು ಕಣ್ಣು ತುಂಬಿಕೊಂಡಿತು. ಸಾವಿರಾರು ಹೆರಿಗೆಗಳಿಗೆ ಕೈಯಾದ ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಅದೇ ಗೌರವ ಸಂದಾಗಲೂ ಹಾಗೆಯೇ. ಆ ಮುಖಗಳು ಎಳೆಯವಾಗಿ ಕಾಣಬೇಕಿತ್ತೆಂದು ಒಬ್ಬರೂ ಹೇಳಲಿಲ್ಲ.

ಪರರ ಮುಖದಲ್ಲಿ ಪೂಜ್ಯವಾದದ್ದು ತಮ್ಮ ಮುಖದಲ್ಲಿ ಹೀನವಾಗುವುದಾದರೂ ಹೇಗೆ? ನರೆ, ಸುಕ್ಕುಗಳು ಬರುವ ಮುನ್ನವೇ ಕೂಡಲಸಂಗಮದೇವನನ್ನು ಪೂಜಿಸೆಂದು ಬಸವಣ್ಣನವರು ವಚನವೊಂದರಲ್ಲಿ ಎಚ್ಚರಿಸುತ್ತಾರೆ. ಅಣ್ಣನವರಿಗೆ ನರೆಯು ಕಾಲದ ಸೂಚನೆ, ಮರೆಮಾಚಬೇಕಾದ ಕಳಂಕವಲ್ಲ.

ಸಕಾಲದ ಮುಪ್ಪು, ಅಕಾಲದ ಮುಪ್ಪು

ಸುಶ್ರುತಾಚಾರ್ಯರು ಹಸಿವು, ಬಾಯಾರಿಕೆ, ನಿದ್ರೆ, ಮೃತ್ಯುಗಳ ಸಾಲಿನಲ್ಲಿಯೇ ಮುಪ್ಪನ್ನೂ ಇಟ್ಟು, ಇವು ಸ್ವಭಾವದಿಂದ ಬರತಕ್ಕವು ಎಂದಿದ್ದಾರೆ. ಅದರಲ್ಲಿಯೂ ಎರಡು ಬಗೆ. ಶರೀರವನ್ನು ಕಾಪಾಡಿಕೊಂಡವನಿಗೆ ತಕ್ಕ ಕಾಲದಲ್ಲಿ ಬರುವುದು ಕಾಲಜ. ಕಾಪಾಡಿಕೊಳ್ಳದವನಿಗೆ ಮೊದಲೇ ಬರುವುದು ಅಕಾಲಜ. ವೈದ್ಯನ ಕೆಲಸ ಹೆಚ್ಚಾಗಿ ಎರಡನೆಯದರಲ್ಲಿದೆ. ಮೊದಲನೆಯದನ್ನು ಹಿತವಾಗಿ ಸಾಗಿಸಬಹುದೇ ಹೊರತು ತಡೆದು ನಿಲ್ಲಿಸಲಾಗದು.

ಶಾರ್ಙ್ಗಧರ ಸಂಹಿತೆಯು ಆಯುಸ್ಸನ್ನು ಹತ್ತು ಹತ್ತು ವರ್ಷಗಳಾಗಿ ವಿಂಗಡಿಸಿ, ಪ್ರತಿಯೊಂದರಲ್ಲಿ ಕ್ಷೀಣಿಸುವುದನ್ನು ಹೇಳುತ್ತದೆ. ಮೊದಲ ದಶಕದೊಂದಿಗೆ ಬಾಲ್ಯ ಮುಗಿಯುತ್ತದೆ, ಎರಡನೆಯದರೊಂದಿಗೆ ಬೆಳವಣಿಗೆ. ಮೂರನೆಯದರಲ್ಲಿ ಕಾಂತಿ, ನಾಲ್ಕನೆಯದರಲ್ಲಿ ಮೇಧಾಶಕ್ತಿ, ಐದನೆಯದರಲ್ಲಿ ಚರ್ಮದ ಬಿಗಿ, ಆರನೆಯದರಲ್ಲಿ ದೃಷ್ಟಿ ಕುಂದತೊಡಗುತ್ತವೆ. ಮೂವತ್ತರ ಕಾಂತಿ ಐವತ್ತರಲ್ಲಿಯೂ ಇರಬೇಕೆಂಬ ಹಟ ಪ್ರಕೃತಿಗೆ ವಿರುದ್ಧವೆಂಬುದು ಇದರಿಂದ ಸ್ಪಷ್ಟ. ಓದುವ ಕನ್ನಡಕಕ್ಕೆ ನಮ್ಮವರು ‘ಚಾಳೀಸು’ ಎಂದರು, ಅಂದರೆ ನಲವತ್ತು. ವಯಸ್ಸನ್ನೇ ಹೆಸರಾಗಿಸಿ ಮೂಗಿನ ಮೇಲಿಟ್ಟುಕೊಳ್ಳಲು ಹಿರಿಯರಿಗೆ ಸಂಕೋಚವಿರಲಿಲ್ಲ.

ಅಕಾಲದ ನರೆಗೆ ಕಾರಣಗಳನ್ನೂ ಶಾಸ್ತ್ರ ಹೇಳಿದೆ. ಕ್ರೋಧ, ಶೋಕ, ಅತಿಶ್ರಮ ಇವು ಸುಶ್ರುತರು ಹೇಳುವ ಮೂಲಗಳು. ಉಪ್ಪನ್ನು ಅತಿಯಾಗಿ ರೂಢಿಸಿಕೊಂಡವರಿಗೆ ಬೋಳು, ನರೆ, ಸುಕ್ಕುಗಳು ಬೇಗನೆ ಬರುತ್ತವೆಂದು ಚರಕ ಸಂಹಿತೆಯ ವಿಮಾನಸ್ಥಾನ ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳೊಂದಿಗೆ ಬೇಕರಿಯ ಖಾರದ ತಿಂಡಿ, ಚಿಪ್ಸ್ ಪೊಟ್ಟಣಗಳೂ ಸೇರಿದ ಇಂದಿನ ಊಟದಲ್ಲಿ ಈ ಮಾತಿಗೆ ಬೆಲೆ ಹೆಚ್ಚಿದೆ. ರಕ್ತದೊತ್ತಡದ ದೃಷ್ಟಿಯಿಂದಲೂ ಉಪ್ಪನ್ನು ತಗ್ಗಿಸುವುದು ಕ್ಷೇಮ.

ನಮ್ಮ ದೇಶದವರಲ್ಲಿ 25ಕ್ಕೆ ಮೊದಲು ಕಾಣುವ ನರೆಯನ್ನು ಅಕಾಲದ್ದೆಂದು ಆಧುನಿಕ ಚರ್ಮವೈದ್ಯರು ಪರಿಗಣಿಸುತ್ತಾರೆ. ವಂಶಪಾರಂಪರ್ಯ ಇದಕ್ಕೆ ಮುಖ್ಯ ಕಾರಣ. ಬಿ-12 ಜೀವಸತ್ವದ ಕೊರತೆ, ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ತೊಂದರೆ, ಧೂಮಪಾನಗಳೂ ಕಾರಣವಾಗಬಲ್ಲವು. ಶುದ್ಧ ಸಸ್ಯಾಹಾರಿಗಳಲ್ಲಿ ಬಿ-12 ಕೊರತೆ ಹೆಚ್ಚು. ಹಾಲು, ಮೊಸರು, ಮಜ್ಜಿಗೆಯನ್ನೂ ಬಿಟ್ಟವರಲ್ಲಿ ಇನ್ನೂ ಹೆಚ್ಚು. ಹರೆಯದ ಮಕ್ಕಳ ತಲೆ ನರೆತರೆ ಗೇಲಿ ಮಾಡದೆ ರಕ್ತಪರೀಕ್ಷೆ ಮಾಡಿಸುವುದು ತಂದೆತಾಯಿಯರ ಕರ್ತವ್ಯ. ಬೇಸಾಯಗಾರರ ಮುಖದ ಸುಕ್ಕಿಗೆ ವಯಸ್ಸಿಗಿಂತ ಬಿಸಿಲೇ ದೊಡ್ಡ ಕಾರಣ. ಆಲೂಗಡ್ಡೆ ಹೊಲದಲ್ಲಿ ದಿನವಿಡೀ ಬಾಗಿ ದುಡಿದವರ ಚರ್ಮವೂ ನೆರಳಿನಲ್ಲಿ ಕುಳಿತವರ ಚರ್ಮವೂ ಒಂದಾಗಿರಲಾರವು. ಅದು ಕಾಯಕದ ಗುರುತು.

ಮರೆಮಾಚುವುದರ ಬೆಲೆ

ಕಪ್ಪುಬಣ್ಣದ ಬಹುಪಾಲು ಹೇರ್ ಡೈಗಳಲ್ಲಿ ಪ್ಯಾರಾ-ಫಿನೈಲಿನ್ ಡೈಅಮೀನ್, ಅಂದರೆ ಪಿಪಿಡಿ ಎಂಬ ರಾಸಾಯನಿಕವಿರುತ್ತದೆ. ಬೇಗನೆ ಕಪ್ಪಾಗಲೆಂದು ಮಾರುವ ‘ಕಪ್ಪು ಮೆಹಂದಿ’ಯಲ್ಲಿಯೂ ಹಲವೊಮ್ಮೆ ಇದನ್ನೇ ಬೆರೆಸಿರುತ್ತಾರೆ. ವರ್ಷಗಟ್ಟಲೆ ಹಚ್ಚಿ ಏನೂ ಆಗದವರಿಗೂ ಒಂದು ದಿನ ಇದು ಒಗ್ಗದೆ ಹೋಗಬಹುದು. ನೆತ್ತಿ, ಕಿವಿ, ಹಣೆಗಳಲ್ಲಿ ತುರಿಕೆ, ನೀರು ಸೋರುವ ಗುಳ್ಳೆ, ರೆಪ್ಪೆಗಳ ಊತ ಇದರ ಲಕ್ಷಣಗಳು. ಮಗಳ ಮದುವೆಗೆ ಎರಡು ದಿನವಿರುವಾಗ ಕಣ್ಣು ತೆರೆಯಲಾಗದಷ್ಟು ಮುಖ ಊದಿಸಿಕೊಂಡು ನಮ್ಮಲ್ಲಿಗೆ ಬಂದ ತಾಯಿಯೊಬ್ಬರು, “ಫೋಟೋದಲ್ಲಿ ಮುದುಕಿ ಥರ ಕಾಣ್ತೀನಿ ಅಂತ ಹಚ್ಕಂಡೆ ಡಾಕ್ಟ್ರೇ” ಎಂದರು. ಧಾರೆ ಎರೆಯುವ ಹೊತ್ತಿನಲ್ಲಿ ಮಗಳ ಮುಖವನ್ನು ಕಣ್ತುಂಬ ನೋಡುವ ಭಾಗ್ಯಕ್ಕಿಂತ ಫೋಟೋದ ಭಯ ದೊಡ್ಡದಾಗಿತ್ತೆಂಬುದು ನಮ್ಮನ್ನು ಬಹುವಾಗಿ ನೋಯಿಸಿತು.

ಬಣ್ಣ ಹಚ್ಚಲೇಬೇಕೆನ್ನುವವರು ಪ್ರತಿಸಲವೂ 48 ಗಂಟೆ ಮುಂಚೆ ಕಿವಿಯ ಹಿಂದೆ ಸ್ವಲ್ಪ ಹಚ್ಚಿ ಪರೀಕ್ಷಿಸಬೇಕು. ಹಿಂದೊಮ್ಮೆ ಒಗ್ಗದವರು ಮತ್ತೆ ಪ್ರಯೋಗ ಮಾಡಲೇಬಾರದು. ತುಟಿ ನಾಲಿಗೆಗಳು ಊದಿದರೆ, ಉಸಿರು ಕಟ್ಟಿದರೆ ಮನೆಮದ್ದಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಮುಖದ ಬಂಗಿಗೂ ಸುಕ್ಕಿಗೂ ಅಂಗಡಿಯಿಂದ ಕೇಳಿ ತರುವ ಕ್ರೀಮುಗಳ ಕಥೆ ಇನ್ನೂ ಕಠಿಣ. ಸ್ಟೀರಾಯ್ಡ್ ಬೆರೆತ ಕ್ರೀಮು ಮೊದಲ ವಾರಗಳಲ್ಲಿ ಹೊಳಪು ಕೊಟ್ಟು, ಬಳಿಕ ಚರ್ಮವನ್ನು ತೆಳುವಾಗಿಸಿ ಕೆಂಪೇರಿಸುತ್ತದೆ. ಹೆಸರು ವಿಳಾಸಗಳಿಲ್ಲದ ಕೆಲವು ಕ್ರೀಮುಗಳಲ್ಲಿ ಪಾದರಸವಿರುತ್ತದೆ. ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂತಹ ಕ್ರೀಮು ಬಳಸಿದವರಲ್ಲಿ ಮೂತ್ರಪಿಂಡದ ರೋಗ ಕಂಡುಬಂದದ್ದು 2023ರಲ್ಲಿ ವರದಿಯಾಯಿತು.

ನಮ್ಮ ಪದ್ಧತಿಯ ಹೆಸರಿನಲ್ಲಿ ನಡೆಯುವ ವಂಚನೆಯನ್ನೂ ಹೇಳದಿದ್ದರೆ ಧರ್ಮವಾಗದು. ಪೂರ್ತಿ ಬೆಳ್ಳಗಾದ ಕೂದಲನ್ನು ಬುಡದಿಂದ ಕಪ್ಪಾಗಿಸುವ ಎಣ್ಣೆ ಇಲ್ಲ. ಗುಣಪಡಿಸುವುದಾಗಿ ಔಷಧಗಳು ಹೇಳಿಕೊಳ್ಳಬಾರದ ಸ್ಥಿತಿಗಳನ್ನು ಪಟ್ಟಿ ಮಾಡಿರುವ 1945ರ ಔಷಧ ನಿಯಮಗಳ ‘ಜೆ’ ಅನುಸೂಚಿಯಲ್ಲಿ ಅಕಾಲ ನರೆಯೂ ಅಕಾಲ ವೃದ್ಧಾಪ್ಯವೂ ಇವೆ. ‘ಹದಿನೈದು ದಿನದಲ್ಲಿ ಕಪ್ಪು’ ಎನ್ನುವ ಜಾಹೀರಾತನ್ನು ಸದ್ಭಕ್ತರು ನಂಬದಿರಲಿ.

ಮಾಡಬೇಕಾದದ್ದು

ವಾರಕ್ಕೆರಡು ಸಲ ಉಗುರುಬೆಚ್ಚಗಿನ ಎಳ್ಳೆಣ್ಣೆಯಿಂದ ಮೈಗೂ ಕೊಬ್ಬರಿ ಎಣ್ಣೆಯಿಂದ ತಲೆಗೂ ಅಭ್ಯಂಗ ಮಾಡಿಕೊಂಡರೆ ಚರ್ಮದ ಒಣಗುವಿಕೆ ತಗ್ಗಿ ನಿದ್ರೆ ಚೆನ್ನಾಗಿ ಬರುತ್ತದೆ. ಗರುಗದ ಸೊಪ್ಪು, ದಾಸವಾಳದ ಎಲೆ ಹಾಕಿ ಕಾಯಿಸಿದ ಎಣ್ಣೆ ಕೂದಲಿಗೆ ಹಿತ. ಬೆಟ್ಟದ ನೆಲ್ಲಿಕಾಯಿ, ಒಂದೆಲಗ, ಹಸುರು ಸೊಪ್ಪು, ಹೆಸರುಕಾಳು, ಮಜ್ಜಿಗೆ ಊಟದಲ್ಲಿರಲಿ. ಬಿಸಿಲಿಗೆ ಹೋಗುವಾಗ ತಲೆಗೆ ಟವಲು, ಸೆರಗು ಅಥವಾ ಟೋಪಿ ಇರಲಿ. ಬಣ್ಣವೇ ಬೇಕಾದವರಿಗೆ ಶುದ್ಧ ಮದರಂಗಿ ಪುಡಿ ಹೆಚ್ಚು ಸುರಕ್ಷಿತ. ಅದು ಕೆಂಪಾಗುತ್ತದೆಯೇ ಹೊರತು ಕಪ್ಪಾಗುವುದಿಲ್ಲ.

ಕೂದಲಿಗೆ ಕೊಡುವ ಗಮನವನ್ನು ಕಾಣದ ಮುಪ್ಪಿಗೂ ಕೊಡಬೇಕು. ತಿಂಗಳಿಗೊಮ್ಮೆ ತಪ್ಪದೆ ಬಣ್ಣ ಹಚ್ಚುವವರು ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ, ಸಕ್ಕರೆ, ಕಣ್ಣಿನ ಪೊರೆ, ಕಿವಿಯ ಶಕ್ತಿಗಳನ್ನು ಪರೀಕ್ಷಿಸಿಕೊಳ್ಳುತ್ತಾರೆಯೇ? ಕನ್ನಡಿ ತೋರದ ಮುಪ್ಪೇ ಮನುಷ್ಯನನ್ನು ಹಾಸಿಗೆ ಹಿಡಿಸುವುದು.

ಚರಕರು ರಸಾಯನ ಚಿಕಿತ್ಸೆಯನ್ನು ಹೇಳುತ್ತ ಕೊನೆಗೆ ‘ಆಚಾರ ರಸಾಯನ’ವೆಂಬ ಔಷಧವಿಲ್ಲದ ರಸಾಯನವನ್ನು ಹೇಳಿದ್ದಾರೆ. ಸತ್ಯವನ್ನಾಡುವುದು, ಕೋಪ ಬಿಡುವುದು, ಹಿಂಸೆ ಮಾಡದಿರುವುದು, ದಾನ, ಹಿತಮಿತವಾದ ನಿದ್ರೆ, ಗುರುಹಿರಿಯರನ್ನು ಗೌರವಿಸುವುದು ಅದರಲ್ಲಿ ಸೇರಿವೆ. ವೃದ್ಧರನ್ನು ಗೌರವಿಸುವುದೂ ಆಯುಸ್ಸನ್ನು ಬೆಳೆಸುವ ರಸಾಯನವೇ ಎಂಬುದನ್ನು ಮನೆಮಂದಿ ಗಮನಿಸಬೇಕು. “ಯಾಕಮ್ಮ, ಇಷ್ಟು ಬೇಗ ಅಜ್ಜಿಯಾಗಿಬಿಟ್ಟೆ” ಎಂಬ ತಮಾಷೆಯ ಒಂದು ಮಾತೇ ಅನೇಕರನ್ನು ಡೈ ಅಂಗಡಿಗೆ ಅಟ್ಟಿರುವುದನ್ನು ನಾವು ಬಲ್ಲೆವು. ಆ ಮಾತು ಆಡದಿರೋಣ. ಟಿವಿಯಲ್ಲಿ ನರೆತ ತಲೆಯ ನಿರೂಪಕಿಯೊಬ್ಬರು ಕಂಡರೆ ರಿಮೋಟಿಗೆ ಕೈಹಾಕದೆ, ಅವರು ಹೇಳುವುದನ್ನು ಕೇಳೋಣ. ನೋಡುವ ನಮ್ಮ ಕಣ್ಣು ಬದಲಾದರೆ ತೋರುವವರ ನಿಯಮವೂ ಬದಲಾಗದೆ ಇರದು.

ಎಲ್ಲರಿಗೂ ಸಕಾಲದ, ನಿರೋಗಿಯಾದ ಮುಪ್ಪು ಲಭಿಸಲೆಂದು ಹಾರೈಸುತ್ತೇವೆ. ಶರಣು ಶರಣಾರ್ಥಿ.