ನೀಲಿ ಪರದೆಯ 10 ಸೆಕೆಂಡು

ಭಾನುವಾರ ರಾತ್ರಿ 9 ಗಂಟೆ. ಕೆಲಸ ಹುಡುಕಿಕೊಂಡು ಪುಣೆಗೆ ಬಂದು ನಮ್ಮಲ್ಲೇ ಉಳಿದಿರುವ ಅಣ್ಣನ ಮಗ ಲ್ಯಾಪ್‌ಟಾಪ್ ಹಿಡಿದು ಬಂದ. 'ಕಾಕಾ, ಇದರಾಗ ವೈಫೈ ಅನ್ನೂದ ಕಾಣವಲ್ದು.' ಬೆಳಿಗ್ಗೆ 10ಕ್ಕೆ ಅವನ ಆನ್‌ಲೈನ್ ಸಂದರ್ಶನ. ನನ್ನ ಹಳೆಯ ಲ್ಯಾಪ್‌ಟಾಪ್‌ಗೆ ಅಂದು ಮಧ್ಯಾಹ್ನವಷ್ಟೇ ಉಬುಂಟು ಹಾಕಿ, ಕೊನೆಯ ರೀಸ್ಟಾರ್ಟ್ ಅವನಿಗೆ ಬಿಟ್ಟು ಕಾಯಿಪಲ್ಲೆ ತರಲು ಹೋಗಿದ್ದೆ.

'ಎಲ್ಲಾ ಅಳಿಸಿ ಮತ್ತ ಹಾಕೋಣೇನು?'

ವಿಂಡೋಸ್‌ನಿಂದ ಬಂದವರಿಗೆ ಮೊದಲು ಹೊಳೆಯುವ ಮದ್ದು ಅದೇ. ಲಿನಕ್ಸ್‌ನಲ್ಲಿ ಅದರಿಂದ ಬಹುಪಾಲು ಸಿಗುವುದು ಅದೇ ತೊಂದರೆ, ಎರಡು ಗಂಟೆ ತಡವಾಗಿ. ಮೊದಲು ಯಂತ್ರವನ್ನೇ ಕೇಳಬೇಕು. ಟರ್ಮಿನಲ್‌ನಲ್ಲಿ 'ಆರ್‌ಎಫ್‌ಕಿಲ್ ಲಿಸ್ಟ್' ಎಂದು ಕೊಟ್ಟರೆ ವೈಫೈ ಬಂದ್ ಆಗಿದೆಯೇ ಎಂದು ತಿಳಿಯುತ್ತದೆ. ಸಾಫ್ಟ್ ಬ್ಲಾಕ್ ಆದರೆ ಒಂದು ಆಜ್ಞೆಯಲ್ಲಿ ಬಿಡಿಸಬಹುದು. ಹಾರ್ಡ್ ಬ್ಲಾಕ್ ಆದರೆ ಲ್ಯಾಪ್‌ಟಾಪ್‌ನ ಗುಂಡಿ ನೋಡಬೇಕು. ನಮ್ಮ ಪಟ್ಟಿಯಲ್ಲಿ ವೈಫೈ ಹೆಸರೇ ಇರಲಿಲ್ಲ.

ಮುಂದಿನದು 'ಎಲ್‌ಎಸ್‌ಪಿಸಿಐ -ಕೆ'. ಲ್ಯಾಪ್‌ಟಾಪ್ ಯಾವ ಕಂಪನಿಯದು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಒಳಗಿರುವ ವೈಫೈ ಚಿಪ್ ಯಾವುದು ಎಂಬುದೇ ಮುಖ್ಯ. ಇಂಟೆಲ್ ಚಿಪ್‌ಗಳಿಗೆ ಬೇಕಾದ ಡ್ರೈವರ್ ಕರ್ನಲ್ ಜೊತೆಗೇ ಬರುತ್ತದೆ. ನಮ್ಮದು ಬ್ರಾಡ್‌ಕಾಮ್ ಬಿಸಿಎಂ 43142. ಇದಕ್ಕೆ 'ಡಬ್ಲ್ಯುಎಲ್' ಎಂಬ ಡ್ರೈವರನ್ನು ಬೇರೆಯಾಗಿಯೇ ಹಾಕಬೇಕು. ಚಿಪ್ ಕಾಣುತ್ತಿತ್ತು, ಅದರ ಕೆಳಗೆ 'ಕರ್ನಲ್ ಡ್ರೈವರ್ ಇನ್ ಯೂಸ್' ಎಂಬ ಸಾಲು ಇರಲಿಲ್ಲ.

ಡ್ರೈವರ್ ತರಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್‌ಗೆ ಡ್ರೈವರ್ ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು! ಬಿಡಿಸುವುದು ಫೋನ್ ಚಾರ್ಜ್ ಮಾಡುವ ಕೇಬಲ್. ಆಂಡ್ರಾಯ್ಡ್ ಫೋನಿಗೆ ಅದನ್ನು ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಹಾಕಿದರೆ ಲಿನಕ್ಸ್‌ಗೆ ಬೇರೇನೂ ಬೇಕಿಲ್ಲ, ನೆಟ್ ಬರುತ್ತದೆ.

ನೆಟ್ ಬಂತು. ಡ್ರೈವರ್ ಹಾಕಲು ಹೋದರೆ, ಆಗಲೇ ಇದೆ ಎಂಬ ಉತ್ತರ. 'ಮಾಡ್‌ಪ್ರೋಬ್' ಆಜ್ಞೆ ಕೊಟ್ಟು ಕೈಯಾರೆ ಏರಿಸಲು ನೋಡಿದಾಗ ನಿಜ ಹೊರಬಿತ್ತು: ಕೀಲಿ ತಿರಸ್ಕೃತವಾಗಿದೆ.

ಇದು ಸೆಕ್ಯೂರ್ ಬೂಟ್ ಕೆಲಸ. ಈ ಡ್ರೈವರ್ ಸಿದ್ಧವಾಗುವುದು ನಮ್ಮ ಯಂತ್ರದಲ್ಲೇ, ಸಹಿ ಬೀಳುವುದೂ ಅಲ್ಲೇ ಹುಟ್ಟಿದ ಕೀಲಿಯಿಂದ. ಆ ಕೀಲಿಯನ್ನು ನಾನು ನಂಬುತ್ತೇನೆ ಎಂದು ನಾವೇ ಒಮ್ಮೆ ಒಪ್ಪಿಗೆ ಕೊಡಬೇಕು. ಅದನ್ನು ಕೇಳಲು ರೀಸ್ಟಾರ್ಟ್‌ನಲ್ಲಿ ನೀಲಿ ಪರದೆ ಬಂದು 10 ಸೆಕೆಂಡು ಕಾಯುತ್ತದೆ.

'ನೀಲಿ ಪರದೆ ಬಂದಿತ್ತೇನು?'

'ಬಂದಿತ್ತು ಕಾಕಾ. ಏನೋ ಎರರ್ ಅಂತ ತಿಳದು ಕಂಟಿನ್ಯೂ ಒತ್ತಿದೆ.'

ಬೈಯಲು ಬಾಯಿ ಬರಲಿಲ್ಲ. ಹೇಳದೆ ಸಂತೆಗೆ ಹೋದವನು ನಾನು.

'ಮೋಕ್‌ಯುಟಿಲ್' ಮೂಲಕ ಕೀಲಿಯನ್ನು ಮತ್ತೆ ನೋಂದಣಿಗೆ ಕಳಿಸಿ, ಒಂದು ಪಾಸ್‌ವರ್ಡ್ ಕೊಟ್ಟೆವು. ರೀಸ್ಟಾರ್ಟ್. ಈ ಸಲ ಅವನೇ 'ಎನ್‌ರೋಲ್ ಮೋಕ್' ಆರಿಸಿ, ಅದೇ ಪಾಸ್‌ವರ್ಡ್ ಒತ್ತಿದ. ಮೇಲಿನ ಮೂಲೆಯಲ್ಲಿ ಅಕ್ಕಪಕ್ಕದ ಫ್ಲ್ಯಾಟ್‌ಗಳ ವೈಫೈ ಹೆಸರುಗಳೆಲ್ಲ ಸಾಲಾಗಿ ಬಂದವು. ಮುಂದೆ ಕರ್ನಲ್ ಬದಲಾದರೂ ಡ್ರೈವರ್ ತಾನೇ ಸಿದ್ಧವಾಗಿ, ಇದೇ ಕೀಲಿಯ ಸಹಿ ಪಡೆಯುತ್ತದೆ.

ಸೆಕ್ಯೂರ್ ಬೂಟನ್ನೇ ಆರಿಸಿಬಿಡಿ ಎನ್ನುವವರೂ ಇದ್ದಾರೆ. ಸುಲಭ ನಿಜ, ಆದರೆ ಅದೇ ಯಂತ್ರದಲ್ಲಿ ಬಿಟ್‌ಲಾಕರ್ ಹಾಕಿದ ವಿಂಡೋಸ್ ಇದ್ದರೆ ರಿಕವರಿ ಕೀಲಿ ಕೇಳಿ ಕೂರಬಹುದು. ಆಫೀಸಿನ ಲ್ಯಾಪ್‌ಟಾಪ್ ಆದರಂತೂ ಐಟಿ ವಿಭಾಗಕ್ಕೆ ಹೇಳದೆ ಇದ್ಯಾವುದಕ್ಕೂ ಕೈ ಹಾಕಬೇಡಿ.

ಬೆಳಿಗ್ಗೆ ವೈಫೈ ಚೆನ್ನಾಗಿಯೇ ಇತ್ತು. ಹುಡುಗ ಆದರೂ ಫೋನ್ ಕೇಬಲ್ಲನ್ನು ಪಕ್ಕದಲ್ಲಿಟ್ಟುಕೊಂಡೇ ಸಂದರ್ಶನಕ್ಕೆ ಕೂತ. ಬುಧವಾರ ಎರಡನೇ ಸುತ್ತಿಗೆ ಕರೆದಿದ್ದಾರೆ.