ಬಾವಿಯ ಮೆಟ್ಟಿಲು, ನೆರೆಯವನ ದಾಹ

ತಪಸ್ಸುಕಾಲದಲ್ಲಿ ಯಕೋಬನ ಬಾವಿಯ ಬಳಿ ಸಮಾರ್ಯದ ಸ್ತ್ರೀಯಿಂದ ನೀರು ಬೇಡಿದ ಪ್ರಭು ಯೇಸುವಿನ ಪ್ರಸಂಗವನ್ನು ನಾವು ಆಲಿಸುತ್ತೇವೆ. ಅದೇ ದಿನಗಳಲ್ಲಿ ಘಟಪ್ರಭೆಯ ದಡದ ಅನಗವಾಡಿಯ ಸುತ್ತಲಿನ ಎರೆಹೊಲಗಳು ಬಿಸಿಲಿಗೆ ಬಿರುಕು ಬಿಡತೊಡಗುತ್ತವೆ. ಒಂದು ಕಾಲದಲ್ಲಿ ಬೇಸಿಗೆಯು ಅವಿಭಜಿತ ವಿಜಾಪುರ ಜಿಲ್ಲೆಗೆ ದಾಹವನ್ನಷ್ಟೇ ಅಲ್ಲ, ನಾರುಹುಣ್ಣನ್ನೂ ತರುತ್ತಿತ್ತು. ಹಿರಿಯರಿಗೆ ಆ ಹೆಸರು ಮರೆತಿರಲಾರದು.

ಬೇಸಿಗೆಯಲ್ಲಿ ಮೆಟ್ಟಿಲುಬಾವಿಯ ನೀರು ತಳ ಸೇರುತ್ತಿತ್ತು. ಕೊಡ ಹಿಡಿದವರು ನೀರಿಗೇ ಇಳಿಯಬೇಕಾಗುತ್ತಿತ್ತು. ಕಾಲಿನ ಹುಣ್ಣಿನಿಂದ ಹೊರಬರುವ ದಾರದಂಥ ಹುಳು ನೀರು ಸೋಕಿದೊಡನೆ ಅಸಂಖ್ಯ ಮರಿಗಳನ್ನು ಬಿಡುತ್ತಿತ್ತು. ಸೈಕ್ಲಾಪ್ಸ್ ಎಂಬ ಸೂಕ್ಷ್ಮ ಜಲಜೀವಿ ಅವನ್ನು ನುಂಗುತ್ತಿತ್ತು. ಆ ನೀರನ್ನು ಕುಡಿದವನಿಗೆ ಸುಮಾರು ಒಂದು ವರ್ಷದ ಬಳಿಕ, ಅಂದರೆ ಮತ್ತೆ ಬೇಸಿಗೆಯಲ್ಲೇ, ಹುಣ್ಣು ಏಳುತ್ತಿತ್ತು. ಹೀಗೆ ರೋಗವು ಋತುಚಕ್ರದೊಡನೆ ತಾನೂ ತಿರುಗುತ್ತಿತ್ತು.

ಇದನ್ನು ಹಣೆಬರಹವೆಂದವರುಂಟು, ದೇವರ ಶಿಕ್ಷೆಯೆಂದವರೂ ಉಂಟು. ನಾವು ಇಲ್ಲಿ ಒಂದು ವಿವೇಚನೆ ಮಾಡಬೇಕು. ಋತುವು ರೋಗಕ್ಕೆ ಸಂದರ್ಭ ಮಾತ್ರ. ರೋಗವನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಿದ್ದು ನೀರಿಗಿಳಿದ ಕಾಲು. ಬಿಸಿಲನ್ನು ತಡೆಯಲು ನಮಗೆ ಶಕ್ತಿಯಿಲ್ಲ, ಕಾಲನ್ನು ತಡೆಯಲು ಉಂಟು.

ನಡೆದದ್ದೂ ಹಾಗೆಯೇ. ಈ ರೋಗಕ್ಕೆ ಲಸಿಕೆಯಿರಲಿಲ್ಲ, ಗುಣಪಡಿಸುವ ಔಷಧಿಯೂ ಇರಲಿಲ್ಲ. 1984ರಲ್ಲಿ ದೇಶದಲ್ಲಿ ಸುಮಾರು 40 ಸಾವಿರ ರೋಗಿಗಳಿದ್ದರು. ಮೆಟ್ಟಿಲುಬಾವಿಗಳು ಸೇದುಬಾವಿಗಳಾದವು, ಕೈಪಂಪುಗಳು ಬಂದವು, ಮನೆಮನೆಯಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸಿದರು, ಹುಣ್ಣಿದ್ದವರು ನೀರಿಗಿಳಿಯದೆ ದೂರ ನಿಂತರು. 1996ರಲ್ಲಿ ಕೊನೆಯ ರೋಗಿ ಕಂಡುಬಂದ; 2000ದಲ್ಲಿ ಭಾರತವು ನಾರುಹುಣ್ಣಿನಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಅಂದು ದೂರ ನಿಂತವನು ಕಾಪಾಡಿದ್ದು ತನ್ನನ್ನಲ್ಲ. ಅವನ ಕಾಲಿನಲ್ಲಿ ಹುಣ್ಣು ಆಗಲೇ ಇತ್ತು. ಅವನು ಕಾಪಾಡಿದ್ದು ಮರುವರ್ಷದ ನೆರೆಯವನನ್ನು. ಪರಪ್ರೀತಿಗೆ ಇದಕ್ಕಿಂತ ಸರಳ ನಿದರ್ಶನ ನಮಗೆ ತೋರದು.

ಈಗ ಸೊಳ್ಳೆಯ ಸರದಿ. 2006ರಲ್ಲಿ ರಾಜ್ಯದ ಲಕ್ಷಾಂತರ ಜನರ ಕೀಲು ಹಿಡಿದ ಚಿಕುನ್‌ಗುನ್ಯಾವನ್ನೂ ಡೆಂಗಿಯನ್ನೂ ಹರಡುವ ಈಡಿಸ್ ಸೊಳ್ಳೆಗೆ ಮಳೆಗಾಲವೇ ಬೇಕೆಂದಿಲ್ಲ. ನೀರಿನ ಅಭಾವದಲ್ಲಿ ನಾವು ತುಂಬಿಟ್ಟ ಹಂಡೆ, ಡ್ರಮ್ಮುಗಳೇ ಅದಕ್ಕೆ ತೊಟ್ಟಿಲು. ತಾಪ ಹೆಚ್ಚಿದಷ್ಟೂ ಮೊಟ್ಟೆ ಸೊಳ್ಳೆಯಾಗುವ ಅವಧಿ ತಗ್ಗಿ, ವಾರವೊಂದೇ ಸಾಕಾಗುತ್ತದೆ.

ಆದಕಾರಣ ಪ್ರತಿ ಶನಿವಾರ ಸಂಜೆ ಪಾತ್ರೆಗಳನ್ನು ಬರಿದು ಮಾಡಿ, ಒಳಗೋಡೆಗಂಟಿದ ಮೊಟ್ಟೆ ಹೋಗುವಂತೆ ಉಜ್ಜಿ, ಮುಚ್ಚಿಡೋಣ. ಭಾನುವಾರದ ಬಲಿಪೂಜೆಗೆ ಅದೂ ಒಂದು ಸಿದ್ಧತೆಯೇ.